ಮುಚ್ಚದ ಕಣ್ಣನ್ನು ಹುಡುಕಿಕೊಂಡು ತಿಂಥಣಿಗೆ

ಕಲಬುರಗಿಯಿಂದ ಬೆಳಗಿನ ರೈಲು ಹಿಡಿದು ಯಾದಗಿರಿಯಲ್ಲಿ ಇಳಿದಾಗ ಬಿಸಿಲು ಇನ್ನೂ ಹದವಾಗಿತ್ತು. ಹೆಗಲ ಚೀಲದಲ್ಲಿ ನೀಲಿ ಬೆಳಕಿನ ಟಾರ್ಚು, ಕಣ್ಣಿಗೆ ಬಣ್ಣ ಹಾಕಿ ಗಾಯ ನೋಡುವ ಕಾಗದದ ಪಟ್ಟಿಗಳು, ಹನಿ ಔಷಧಿ ಇದ್ದವು. ಸ್ಟೇಷನ್ ಎದುರು ಚುರುಮುರಿಯ ಸುಸಲಾ, ಮಿರ್ಚಿ ಕಟ್ಟಿಸಿಕೊಂಡೆ. ತಿನ್ನಲಾಗಲಿಲ್ಲ. ರೇಣುಕಾಳ ನಂಬರಿಗೆ ಮತ್ತೊಮ್ಮೆ ಹಚ್ಚಿದೆ. ಸ್ವಿಚ್ ಆಫ್.

ನಾನು ಕಣ್ಣಿನ ಸರ್ಜನ್. ಹೈದರಾಬಾದಿನಲ್ಲಿ ರೆಪ್ಪೆಯ ಶಸ್ತ್ರಚಿಕಿತ್ಸೆ ಕಲಿತು ಬಂದವಳು. ಕನ್ನಡಕ ಬೇಡವೆನ್ನುವ ಕಾಲೇಜು ಹುಡುಗಿಯರು, ಮಗಳ ಮದುವೆಗೆ ಮುಂಚೆ ಕಣ್ಣ ಕೆಳಗಿನ ಚೀಲ ತೆಗೆಸಿಕೊಳ್ಳಲು ಬರುವ ತಾಯಂದಿರೇ ನನ್ನ ಬಳಿ ಹೆಚ್ಚು. ಜೊತೆಯ ಡಾಕ್ಟರುಗಳು ನನ್ನ ಕೋಣೆಗೆ ಬ್ಯೂಟಿ ಪಾರ್ಲರ್ ಎಂದು ಹೆಸರಿಟ್ಟಿದ್ದಾರೆ. ಸುರಪುರದ ರೇಣುಕಾಳ ಮಾತು ಬೇರೆ. ಅವಳು ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಹುಟ್ಟಿದಾಗಿನಿಂದ ಎಡಗಣ್ಣಿನ ರೆಪ್ಪೆ ಅರ್ಧ ಇಳಿದೇ ಇತ್ತು. ನೋಡಬೇಕೆಂದರೆ ಗದ್ದ ಎತ್ತಬೇಕು. "ಮಂದಿ ನನಗ ಸೊಕ್ಕಿನಕಿ ಅಂತಾರ್ರಿ," ಎಂದು ಮೊದಲ ದಿನವೇ ಹೇಳಿದ್ದಳು.

ಮೂರು ವಾರದ ಹಿಂದೆ ಆ ರೆಪ್ಪೆಗೆ ಒಳಗಿನಿಂದ ದಾರ ಹಾಕಿ ಹುಬ್ಬಿಗೆ ಎತ್ತಿ ಕಟ್ಟಿದ್ದೆ. ಹೀಗೆ ಕಟ್ಟಿದ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚುವುದಿಲ್ಲ. ಮಲಗುವಾಗ ಮುಲಾಮು ಹಾಕಿ ಪಟ್ಟಿ ಅಂಟಿಸಿಕೊಳ್ಳದಿದ್ದರೆ ಕಣ್ಣು ಒಣಗಿ ಕರಿಗುಡ್ಡೆಗೆ ಗಾಯವಾಗುತ್ತದೆ. ಗಾಯ ಹುಣ್ಣಾಗಿ ಬಿಳಿ ಕಲೆ ಕೂತರೆ ದೃಷ್ಟಿಯೇ ಹೋಗಬಹುದು. ರೇಣುಕಾ ತಪಾಸಣೆಗೆ ಬರಲಿಲ್ಲ. ಫೋನು ಎತ್ತಿದ ಅವಳ ತಾಯಿ ಭೀಮವ್ವ, "ಭಾಳ ಚಂದ ಕಾಣಾಕತ್ಯಾಳ್ರಿ ಬಾಯಾರ. ಸ್ವಲ್ಪ ಕೆಂಪಾಗೇದ, ಅಷ್ಟ," ಎಂದರು. ಕೆಂಪು ಎಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಮರುದಿನದಿಂದ ಆ ಫೋನೂ ಬಂದ್.

ಶಹಾಪುರದ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟು ಕೊಟ್ಟ. ಭೀಮಾ ಸೇತುವೆ ದಾಟಿತು. ಹತ್ತಿ ತುಂಬಿದ ಲಾರಿಗಳು ಎದುರಾದಾಗಲೆಲ್ಲ ಧೂಳು ಕಿಟಕಿಯೊಳಗೆ ನುಗ್ಗುತ್ತಿತ್ತು. ಮಲಗಿದ ಬುದ್ಧನ ಗುಡ್ಡ ಕಾಣಿಸಿ ಶಹಾಪುರ ಬಂತು. ಅಲ್ಲಿ ಬಸ್ಸು ಬದಲಿಸಿದೆ. ಮುಂದೆ ದಾರಿಯ ಎರಡೂ ಕಡೆ ಕಾಲುವೆಯ ಭತ್ತ. ನನ್ನ ಅಜ್ಜಿ ಈ ಕಡೆ ಜೋಳ, ತೊಗರಿ ಬಿಟ್ಟು ಬೇರೆ ಬೆಳೆ ಕಂಡವಳಲ್ಲ. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದೆನೇನೋ. ಅಂದು ಕಟಾವಿನ ಯಂತ್ರಗಳು ಗಾಳಿಗೆ ತೂರುತ್ತಿದ್ದ ಹೊಟ್ಟು ಮಾತ್ರ ಕಂಡಿತು. ಒಂದು ಚೂರು ಆ ಕಣ್ಣಿಗೆ ಬಿದ್ದರೆ ಸಾಕು.

ಸುರಪುರದಲ್ಲಿ ಕೇಳಿಕೊಂಡು ಅವರ ಓಣಿಗೆ ಹೋದರೆ ಮನೆಗೆ ಬೀಗ. ಎದುರು ಮನೆಯ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸು ತಲೆ ಎತ್ತಿದಳು.

"ತಿಂಥಣಿಗಿ ಹೋಗ್ಯಾರ್ರಿ. ಮಗಳ ಕಣ್ಣು ನೆಟ್ಟಗಾದ್ರ ಹೊಳ್ಯಾಗ ಮುಳುಗಿಸಿ ಮೌನೇಶಪ್ಪಗ ಕಾಯಿ ಒಡಸ್ತೀನಂತ ಭೀಮವ್ವ ಹರಕಿ ಹೊತ್ತಿದ್ಳು."

ಗಾಯವಾದ ಕಣ್ಣಿಗೆ ಹೊಳೆಯ ನೀರು! ಆಟೋ ಸ್ಟ್ಯಾಂಡಿಗೆ ಓಡಿದೆ. ಸೀಟು ತುಂಬಲೆಂದು ಡ್ರೈವರ್ ಕಾಯುತ್ತಿದ್ದ. ಇಡೀ ಆಟೋ ನನಗೇ ಬೇಕೆಂದೆ.

"ಅಂಥಾ ಅರ್ಜೆಂಟ್ ಏನ್ರಿ ಅಕ್ಕಾರ?"

"ಒಂದು ಕಣ್ಣು ಹೋಗೋದದಪ್ಪಾ, ಜಲ್ದಿ ನಡಿ," ಎಂದೆ. ಅವನು ಆಟೋ ಚಾಲೂ ಮಾಡಿದ.

ತಿಂಥಣಿಯಲ್ಲಿ ಕೃಷ್ಣೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಮೌನೇಶಪ್ಪನ ಗುಡಿಯ ಕೆಳಗಿನ ಮೆಟ್ಟಿಲ ಮೇಲೆ ತಾಯಿ ಮಗಳನ್ನು ಕಂಡೆ. ಭೀಮವ್ವನ ತಲೆಯಿಂದ ನೀರಿಳಿಯುತ್ತಿತ್ತು. ರೇಣುಕಾಳ ಕೂದಲು ಒಣಗಿಯೇ ಇತ್ತು. ಬಿಸಿಲು ತಾಳದೆ ಸೆರಗನ್ನು ಎಡಗಣ್ಣಿಗೆ ಒತ್ತಿಕೊಂಡಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು.

"ಮುಳುಗಿದೇನು?"

"ಇನ್ನಾ ಇಲ್ರಿ. ನೀವು ಯಾಕ ಬಂದ್ರಿ ಬಾಯಾರ?"

ಗುಡಿಯ ಕಂಬದ ನೆರಳಿಗೆ ಕರೆದೊಯ್ದು, ಭೀಮವ್ವನ ಶಾಲನ್ನು ನಮ್ಮಿಬ್ಬರ ತಲೆಯ ಮೇಲೆ ಎಳೆದುಕೊಂಡೆ. ಕೈ ತೊಳೆದು ಕಣ್ಣಿಗೆ ಬಣ್ಣ ಮುಟ್ಟಿಸಿ ನೀಲಿ ಟಾರ್ಚು ಹಿಡಿದೆ. ಕರಿಗುಡ್ಡೆಯ ಕೆಳಭಾಗದಲ್ಲಿ ಹಸಿರು ಪಟ್ಟೆ ಹೊಳೆಯಿತು. ಗಾಯ ಆಗಿತ್ತು. ಕೀವು ಇನ್ನೂ ಕಟ್ಟಿರಲಿಲ್ಲ.

"ಪಟ್ಟಿ ಅಂಟಿಸಿಕೊಂಡು ಮಲಗ್ತಿದ್ದಿಲ್ಲೇನು?"

"ಪಟ್ಟಿ ಹಚ್ಚಿದ್ರ ರೆಪ್ಪಿ ಮತ್ತ ಇಳಿದು ಬಿಟ್ರ ಹೆಂಗಂತ ಹೆದರಕಿ ಆತ್ರಿ. ನಾಕು ದಿನಕ್ಕ ಬಿಟ್ಟೆ. ಕೆಂಪಾದ ಮ್ಯಾಲ ನೀವು ನೋಡಿದ್ರ ದಾರ ಬಿಚ್ಚತೀರಿ ಅಂತ ಫೋನೂ ಬಂದ್ ಮಾಡಿದೆ."

ಅವಳು ನನ್ನಿಂದಲೇ ತಪ್ಪಿಸಿಕೊಂಡಿದ್ದಳು! ನಾಳೆಯೇ ದಾರ ಸಡಿಲಿಸಬೇಕು, ರೆಪ್ಪೆ ಸ್ವಲ್ಪ ಇಳಿಯುತ್ತದೆ, ಎರಡು ಕಣ್ಣು ಸಮ ಕಾಣುವುದಿಲ್ಲ ಎಂದು ಹೇಳಿದೆ.

"ಬ್ಯಾಡ್ರಿ," ಎಂದು ಕಂಬಕ್ಕೆ ಆತು ನಿಂತಳು. "ಇಷ್ಟು ವರ್ಷಕ್ಕ ಮೊದಲ ಸಲ ಸಾಲಿ ಫೋಟೋದಾಗ ಮುಂದ ಕುಂತೀನಿ. ಔಷಧ ಕೊಡ್ರಿ, ಹಾಕ್ಕೋತೀನಿ. ಇಳಸಬ್ಯಾಡ್ರಿ."

ಅವಳ ಬಲಗಣ್ಣನ್ನು ನನ್ನ ಅಂಗೈಯಿಂದ ಮುಚ್ಚಿದೆ. "ಅವ್ವನ ಮುಖ ನೋಡು," ಎಂದೆ. ಭೀಮವ್ವ ನಾಲ್ಕು ಮಾರು ದೂರದಲ್ಲಿ ಕೂದಲು ಹಿಂಡುತ್ತ ನಿಂತಿದ್ದರು.

ರೇಣುಕಾ ಕಣ್ಣು ಕಿರಿದು ಮಾಡಿ ನೋಡಿದಳು. ತಲೆ ಆ ಕಡೆ ಈ ಕಡೆ ಹೊರಳಿಸಿದಳು. "ಮಂಜು ಮಂಜು ಕಾಣ್ತದ್ರಿ," ಎಂದಳು. ಮತ್ತೆ ಮೆಲ್ಲಗೆ, "ಮೂಗು, ಬಾಯಿ... ಗೊತ್ತಾಗವಲ್ದು."

ಭೀಮವ್ವ ಓಡಿಬಂದು ಮಗಳ ಕೈ ಹಿಡಿದರು. "ಎಪ್ಪಾ ಮೌನೇಶಾ! ಕರಕೊಂಡು ನಡೀರಿ ಬಾಯಾರ, ಈಗಿಂದೀಗ ನಡೀರಿ."

ಅದೇ ಆಟೋದಲ್ಲಿ ಮೂವರೂ ಹಿಂತಿರುಗಿದೆವು. ಸುರಪುರದಿಂದ ಬಸ್ಸು. ರೇಣುಕಾ ನಡುವಿನ ಸೀಟಿನಲ್ಲಿ ಕೂತು ನಿದ್ದೆಹೋದಳು. ಬಲಗಣ್ಣು ಮುಚ್ಚಿತ್ತು. ಎಡಗಣ್ಣಿನ ಸೀಳಿನಲ್ಲಿ ಬಿಳಿ ಗುಡ್ಡೆ ತೆರೆದೇ ಇತ್ತು. ಕಿಟಕಿಯ ಗಾಜು ಎಳೆದೆ, ಅದು ಬರಲಿಲ್ಲ. ಗಾಳಿಗೆ ಅಡ್ಡವಾಗಿ ಚೀಲ ಹಿಡಿದುಕೊಂಡು, ಬಸ್ಸು ನಿಂತಲ್ಲೆಲ್ಲ ಹನಿ ಹಾಕುತ್ತ ಹೋದೆ. ಕಾಲುವೆ ಯಾವಾಗ ದಾಟಿತೋ, ಭೀಮೆ ಯಾವಾಗ ದಾಟಿತೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕಲಬುರಗಿಯ ಆಸ್ಪತ್ರೆಯಲ್ಲಿ ದಾರ ಸಡಿಲಿಸಿದೆ. ಗಾಯ ಮಾಯಲು, ಮಂಜು ಸರಿಯಲು ಎರಡು ವಾರ ಹಿಡಿಯಿತು. ಎಡರೆಪ್ಪೆ ಬಲದ್ದಕ್ಕಿಂತ ಒಂದಿಷ್ಟು ಕೆಳಗೇ ನಿಂತಿದೆ. ಅದೆಲ್ಲ ಆಮೇಲಿನದು. ಆಗ ಮೇಜಿನ ಮೇಲೆ, ಗಂಟು ಬಿಗಿಯುವ ಮೊದಲು ಅವಳನ್ನು ಎಬ್ಬಿಸಿ ಕೂರಿಸಿ, "ಕಣ್ಣು ಮುಚ್ಚು ರೇಣುಕಾ," ಎಂದೆ. ರೆಪ್ಪೆ ಮೆಲ್ಲಗೆ ಇಳಿದು ಕೆಳಗಿನದನ್ನು ಮುಟ್ಟಿತು. ಆಮೇಲೆ ಗಂಟು ಬಿಗಿದೆ.