ದೊಡ್ಡಪ್ಪ ಬೇಡವೆಂದ ಸೂಜಿ

ಮೊನ್ನೆ ನನ್ನ ಕಾಲು ಉಳುಕಿತ್ತು. ಈಗ ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಯಲ್ಲೇ ಇರುವ ದೊಡ್ಡಮ್ಮ ಹರಳೆಣ್ಣೆಗೆ ಅರಿಶಿನ ಹಾಕಿ ಕಾಯಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಕೊಂಡಜ್ಜಿಯ ಕೊಟ್ಟಿಗೆಯಲ್ಲಿ ದೊಡ್ಡಪ್ಪ ನಿಂತಂತಾಯಿತು...

ಹೋರಿಗೆ ಬೀಜ ಒಡೆದು ಎತ್ತು ಮಾಡುವುದರಲ್ಲಿ ಅವನದು ಪಳಗಿದ ಕೈ. ಕೆಲಸ ಮುಗಿದ ಮೇಲೆ ಊದಿದ ಜಾಗಕ್ಕೆ ಇದೇ ಎಣ್ಣೆ ಸವರುತ್ತಿದ್ದ. ಗುಟುರು ಹಾಕಿ ಗೂಟ ಕೀಳುತ್ತಿದ್ದ ಹೋರಿ ಕೆಲವೇ ತಿಂಗಳಲ್ಲಿ ತಲೆ ತಗ್ಗಿಸಿ ನೊಗಕ್ಕೆ ಬರುತ್ತಿತ್ತು. "ಹುಲಿಯಂಗಿತ್ತು, ಈಗ ನೋಡು" ಎಂದು ಮೀಸೆ ತಿರುವುತ್ತಾ ನಗುತ್ತಿದ್ದ. ಆ ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲುತ್ತದೆ ಎಂದು ನಾವು ಮಕ್ಕಳು ರೇಗಿಸುತ್ತಿದ್ದೆವು.

ಅರವತ್ತು ದಾಟಿದ ಮೇಲೆ ಮೂತ್ರ ಕಟ್ಟತೊಡಗಿತು. ಹರಿಹರದಲ್ಲಿ ತೋರಿಸಿದರೆ ದಾವಣಗೆರೆಗೆ ಕಳಿಸಿದರು. ಪ್ರಾಸ್ಟೇಟ್ ಕ್ಯಾನ್ಸರ್. ಜೊತೆಗೆ ಹೋದವನು ನಾನೇ. ಡಾಕ್ಟರು ಸಮಾಧಾನವಾಗಿ ತಿಳಿಸಿ ಹೇಳಿದರು: ಮಿದುಳಿನ ಬುಡದ ಪುಟ್ಟ ಗ್ರಂಥಿಯೊಂದು ರಕ್ತದಲ್ಲಿ ಹಾರ್ಮೋನು ಕಳಿಸಿ ಬೀಜಗಳಿಗೆ ಅಪ್ಪಣೆ ಕೊಡುತ್ತದೆ, ಅವು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ಗಂಡಸಿನ ಮೀಸೆ, ಗಡಸು ದನಿ, ಆಸೆ, ವೀರ್ಯ ಎಲ್ಲಕ್ಕೂ ಅದೇ ಬೇಕು. ಈ ಗಡ್ಡೆಯೂ ಅದನ್ನೇ ಉಂಡು ಬೆಳೆಯುತ್ತದೆ. ಇಂಜೆಕ್ಷನ್ ಕೊಟ್ಟರೆ ಆ ಅಪ್ಪಣೆ ನಿಲ್ಲುತ್ತದೆ, ಗಡ್ಡೆ ಉಪವಾಸ ಬೀಳುತ್ತದೆ, ಇನ್ನೂ ಕೆಲವು ವರ್ಷ ಬದುಕಬಹುದು.

"ಅಂದ್ರ ನಾನು ಹೋರಿಗೆ ಮಾಡಿದ್ದನ್ನ ನೀವು ಸೂಜಿಯಿಂದ ಮಾಡ್ತೀರಿ. ಅಷ್ಟೇ ಅಲ್ಲೇನ್ರೀ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಒಂದು ರೀತಿ ಹಾಗೇ" ಎಂದರು. ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿ ಎದ್ದುಬಿಟ್ಟ.

ನಾನು, ದೊಡ್ಡಮ್ಮ ಎಷ್ಟು ಬೇಡಿಕೊಂಡರೂ ಬೋರ್ಗಲ್ಲ ಮೇಲೆ ನೀರು ಸುರಿದಂತಾಯಿತು. "ಗಂಡಸಾಗಿ ಹುಟ್ಟೀನಿ, ಗಂಡಸಾಗೇ ಹೋಗ್ತೀನಿ" ಎಂದ. ಆ ಮೀಸೆಯ ಮೇಲೆ ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ರೋಗ ಬೆನ್ನುಮೂಳೆಗೆ ಇಳಿಯಿತು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಹೋರಿಯನ್ನು ಕೆಡವಿ ಹಿಡಿಯುತ್ತಿದ್ದ ಆಳನ್ನು ನಾವಿಬ್ಬರು ಸೇರಿ ಮಗ್ಗುಲು ಹೊರಳಿಸಬೇಕಾಯಿತು. ಮೀಸೆ ಮಾತ್ರ ಹಾಗೇ ಇತ್ತು, ದೊಡ್ಡಮ್ಮನೇ ಬಾಚುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದ. "ಆ ಸೂಜಿ... ಈಗ ಕೊಡ್ತಾರೇನು?"

ಕೊಡಿಸಿದೆ. ಆದರೆ ಹೊತ್ತು ಮೀರಿತ್ತು. ಆ ಬೇಸಿಗೆಯನ್ನು ಅವನು ದಾಟಲಿಲ್ಲ.

ಮೊನ್ನೆ ದೊಡ್ಡಮ್ಮ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ನಾನೇ ಅವನ ಮಾತು ತೆಗೆದೆ. ಅವಳು ತಲೆ ಎತ್ತಲಿಲ್ಲ.

"ಹೋರಿನ ಯಾರೂ ಭಾಳ ದಿನ ಇಟ್ಕಳಲ್ಲ, ಮಾರಿಬಿಡ್ತಾರ. ಎತ್ತು ಮುದಿಯಾಗೋತನಕ ಮನ್ಯಾಗೇ ಇರ್ತೈತೆ. ಅಷ್ಟು ದನ ಕಂಡ ಮನುಷ್ಯಗ ಇದು ತಿಳೀಲಿಲ್ಲ." ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು ಅಂದಳು, "ಮೀಸೆ ಇಲ್ದಿದ್ರೂ ನಡೀತಿತ್ತಪ್ಪ ನನಗ."