ಓಡಲಾಗದ ಕಾಲು

ಪಕ್ಕದ ಸೈಟಿನಲ್ಲಿ ಲಾರಿಯೊಂದು ಕಲ್ಲು ಸುರಿಯಿತು. ನಡೆದದ್ದು ಅಷ್ಟೇ.

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನನ್ನ ಮಗಳು ಮಹಾದೇವಿಯ ಮನೆ. ಚಹಾ ಕುಡಿದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದೆ. ನೆಲ ಅದುರಿತು, ಕಿಟಕಿಯ ಗಾಜು ಗಳಗಳ ಅಂದಿತು. ನಾನು ಎದ್ದು ಓಡಿದೆ. ಎಪ್ಪತ್ತು ದಾಟಿದ ಮುದುಕಿ ಹುಡುಗಿಯ ಹಾಗೆ ಓಡಿದೆ. ಆ ಗಾಬರಿಯಲ್ಲೂ ಹೊಸ್ತಿಲು ತುಳಿಯಬಾರದು ಎನ್ನುವುದೊಂದು ಮಾತ್ರ ನೆನಪಿತ್ತು ನೋಡಿ. ಮಹಾದೇವಿ ಆಗಷ್ಟೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದಳು. ಲಕ್ಷ್ಮಿಯ ಮೇಲೆ ಕಾಲಿಡುವುದುಂಟೇ? ತುಳಿದಿದ್ದರೆ ಬಚಾವಾಗುತ್ತಿದ್ದೆನೋ ಏನೋ. ದಾಟಲೆಂದು ಕಾಲು ಎತ್ತರಕ್ಕೆ ಎತ್ತಿದೆ, ಸೀರೆಯ ನಿರಿಗೆ ಹೆಬ್ಬೆರಳಿಗೆ ಸಿಕ್ಕಿತು, ಎಡಮಗ್ಗುಲಿಗೆ ಬಿದ್ದೆ.

ಲಟ್ ಎಂದಿತು.

ಆ ಸದ್ದು ನನ್ನೊಳಗಿನಿಂದಲೇ ಬಂದದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಹಾದೇವಿ ಬಂದು ಎಬ್ಬಿಸಲು ನೋಡಿದಳು. ಕಾಲು ನನ್ನ ಮಾತು ಕೇಳಲಿಲ್ಲ. ಅದು ಹೊರಕ್ಕೆ ತಿರುಗಿಕೊಂಡು ಬೇರೆ ಯಾರದೋ ಕಾಲಿನಂತೆ ಬಿದ್ದಿತ್ತು.

ಲಾರಿಯ ಸದ್ದಿಗೆ ಇಷ್ಟು ಹೆದರುವುದೇಕೆ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮೂರು ಕಮಲಾಪುರದ ಸುದ್ದಿ ಹೇಳಬೇಕು. ನಾನು ಅಲ್ಲಿಯೇ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮವರು ತೀರಿಕೊಂಡ ಮೇಲೂ ಮೈದುನನ ಸಂಸಾರದ ಜೊತೆ ಅದೇ ಮನೆಯಲ್ಲಿದ್ದೆ. ಹೋದ ಮಳೆಗಾಲದಲ್ಲಿ ಊರಿನ ಮಣ್ಣಿನ ಗೋಡೆಗಳೆಲ್ಲ ನೆನೆದು ನಿಂತಿದ್ದವು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಭೂಮಿ ನಡುಗಿತು. ಎಲ್ಲರೂ ತಾಟು ಬಿಟ್ಟು ಓಣಿಗೆ ಓಡಿದೆವು. ಪಕ್ಕದ ಮನೆಯ ಶಾಂತಾಬಾಯಿ ನನ್ನ ವಾರಿಗೆಯವಳು. ಎರಡೂ ಮೊಣಕಾಲು ಬಾತು, ಗೋಡೆ ಹಿಡಿದು ನಡೆಯುತ್ತಿದ್ದಳು. ನಾನು ಹೊರಗಿನಿಂದ ಕೂಗಿದೆ.

"ಟೀಚರ್, ನೀವ್ ನಡೀರಿ. ನಾ ಬರ್ತೀನಿ," ಅಂದಳು ಒಳಗಿನಿಂದ.

ಅವಳು ಬರಲಿಲ್ಲ. ಗೋಡೆ ಬಿತ್ತು.

ಓಡಿದವರು ಉಳಿದೆವು, ಓಡಲಾಗದವಳು ಹೋದಳು. ನನ್ನ ತಲೆಯಲ್ಲಿ ಇಷ್ಟೇ ಉಳಿಯಿತು. ಸರ್ಕಾರದವರು ಬಂದು ಗೋಡೆ ನೋಡಿದರು, ನೆಂಟರು ಬಂದು ಅತ್ತರು, ಊರು ಮತ್ತೆ ರೊಟ್ಟಿ ಬಡಿಯಲು ಕೂತಿತು. ನನಗೆ ಮಾತ್ರ ಸೂರಿನ ಕೆಳಗೆ ಕೂಡಲಾಗಲಿಲ್ಲ. ಕೊನೆಗೆ ಮಹಾದೇವಿ ಬಂದು ಕಲಬುರಗಿಗೆ ಕರೆದುಕೊಂಡು ಹೋದಳು.

ಅಲ್ಲಿಯೂ ಅದೇ ಹಾಡು. ಬಾಗಿಲ ಪಕ್ಕದ ಕುರ್ಚಿಯೇ ನನ್ನ ಹಾಸಿಗೆಯಾಯಿತು. ಕೂತಲ್ಲೇ ತೂಕಡಿಸುತ್ತಿದ್ದೆ. ಸ್ನಾನಕ್ಕೆ ಹೋದರೆ ಚಿಲಕ ಹಾಕುತ್ತಿರಲಿಲ್ಲ. ಬಚ್ಚಲಿಗೆ ಪದೇ ಪದೇ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ, ಆಮೇಲೆ ಊಟವನ್ನೂ. ವಾಕಿಂಗಿಗೆ ಬಾ ಎಂದರೆ ಒಲ್ಲೆ. ನಾನು ಆಚೆ ಹೋದಾಗ ನಡುಗಿದರೆ ಮಗಳಿಗೆ ಕೂಗಿ ಹೇಳುವವರು ಯಾರು? ಊರೊಳಗಿನ ರೋಜಾ ಬಡಾವಣೆಯ ದರ್ಗಾಕ್ಕೆ ಕರೆದೊಯ್ದು ತಾಯತ ಕಟ್ಟಿಸಿದರು. ಅಂಜಿಕೆಯವಳು ಎಂದು ಮನೆಯಲ್ಲಿ ಯಾರೂ ನನಗೆ ಒಂದು ಕಡ್ಡಿ ಎತ್ತಿಡಲೂ ಬಿಡಲಿಲ್ಲ. ಬಿಸಿಲು ಅಂಗಳದ ತನಕ ಬಂದು ಹೋಗುತ್ತಿತ್ತು. ನಾನು ಒಳಗಿನ ನೆರಳಿನಲ್ಲಿ, ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಓಡಲು ತಯಾರಾಗಿ ಕೂತಿರುತ್ತಿದ್ದೆ. ಅದೇ ಹೊತ್ತಿನಲ್ಲಿ ಒಳಗೆ ಎಲುಬು ಸವೆಯುತ್ತಿತ್ತು ಎಂದು ಯಾರಿಗೆ ಗೊತ್ತು?

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಹಿಪ್ ಫ್ರ್ಯಾಕ್ಚರ್, ಸೊಂಟದ ಎಲುಬು ಮುರಿದಿದೆ, ಆಪರೇಷನ್ ಮಾಡಿ ರಾಡ್ ಹಾಕಬೇಕು ಎಂದರು. ಡಾಕ್ಟರ್ ನನ್ನ ಮಗಳ ವಯಸ್ಸಿನವರು. ಬಿದ್ದದ್ದು ಹೇಗೆ ಎಂದು ಕೇಳಿ ಸುಮ್ಮನಾಗಲಿಲ್ಲ. ಬೀಳುವ ಮೊದಲು ಹೇಗಿದ್ದಿರಿ ಎಂದೂ ಕೇಳಿದರು. ಮಹಾದೇವಿ ಎಲ್ಲ ಹೇಳಿದಳು. ನನಗೆ ನಾಚಿಕೆಯಾಯಿತು.

"ಅಂಜಿಕಿಗೂ ಎಲುಬಿಗೂ ಏನು ಸಂಬಂಧ ರೀ?" ಅಂದೆ.

"ಅದ ರೀ ಅಮ್ಮ. ನಿದ್ದಿ ಇಲ್ಲ, ಉಣ್ಣೋದಿಲ್ಲ, ಬಿಸಲಿಗೆ ಬರೋದಿಲ್ಲ, ನಡಿಯೋದಿಲ್ಲ. ಮನಸಿಗೆ ಪೆಟ್ಟು ಬಿದ್ರ ಮೈ ಸುಮ್ನ ಇರ್ತದೇನ್ರಿ? ವಯಸ್ಸಿಗೆ ಎಲುಬು ಮೊದಲೇ ಸವದಿರ್ತಾವ. ಅದರ ಮ್ಯಾಲ ಇದು."

ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಆದ ಮೇಲೆ ಆಸ್ಟಿಯೋಪೊರೋಸಿಸ್, ಎಲುಬು ಟೊಳ್ಳಾಗುವ ಬೇನೆ, ಎಂದರು. ಮನಸ್ಸಿನ ಡಾಕ್ಟರನ್ನೂ ಕಾಣಲು ಹೇಳಿದಾಗ ನನಗೆ ಸಿಟ್ಟು ಬಂತು. ನನಗೇನು ಹುಚ್ಚು ಹಿಡಿದಿದೆಯೇ? ಆಪರೇಷನ್ ಆದ ಮೇಲೆ ಗಾಲಿಕುರ್ಚಿಯಲ್ಲಿ ಹೋದೆ. ಅವರು ಶಾಂತಾಬಾಯಿಯ ಬಗ್ಗೆ ಕೇಳಿದರು. ಅವಳು ಸತ್ತ ದಿನ ಅಳದಿದ್ದವಳು ಅಲ್ಲಿ, ಗುರುತಿಲ್ಲದವರ ಮುಂದೆ, ಬಾಯಿಗೆ ಸೆರಗು ಹಿಡಿದು ಅತ್ತೆ.

ಆಪರೇಷನ್‌ನಲ್ಲಿ ನನಗೆ ಕತ್ತರಿಯ ಭಯವಿರಲಿಲ್ಲ. ಬೆನ್ನಿಗೆ ಸ್ಪೈನಲ್ ಅನಸ್ತೇಶಿಯಾ ಕೊಟ್ಟರು. ಸೊಂಟದ ಕೆಳಗೆ ನಾನು ಇಲ್ಲವಾದೆ. ಈಗ ನಡುಗಿದರೆ? ಇಷ್ಟೊಂದು ಡಾಕ್ಟರು, ನರ್ಸುಗಳು ಓಡಿಹೋಗುತ್ತಾರೆ, ಓಡಬೇಕಾದದ್ದೇ. ನಾನು ಈ ದೀಪದ ಕೆಳಗೆ ಬಿದ್ದಿರುತ್ತೇನೆ. ಶಾಂತಾಬಾಯಿಗೆ ಆ ಕೊನೆಯ ಗಳಿಗೆ ಹೇಗಿತ್ತು ಎಂದು ನನಗೆ ಅಲ್ಲಿ ತಿಳಿಯಿತು.

ಮನೆಗೆ ಬಂದೆ. ಅಳಿಯಂದಿರು ವಾಕರ್ ತಂದಿಟ್ಟರು, ಬಾಗಿಲಿಗೆ ಇಳಿಜಾರಾಗಿ ಹಲಗೆ ಹಾಕಿಸಿದರು. ಕಸರತ್ತು ಮಾಡಿಸಲು ಫಿಸಿಯೋಥೆರಪಿಯವರು ಬಂದರೆ ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ. ಆಮೆಯ ಹಾಗೆ ನಡೆಯುವುದನ್ನು ಕಲಿತು ಏನು ಮಾಡಲಿ? ನನಗೆ ಬೇಕಾದದ್ದು ಓಡುವ ಕಾಲು. ಅದು ಇನ್ನು ಬರುವುದಿಲ್ಲ. ನಾನೂ ಶಾಂತಾಬಾಯಿಯ ಸಾಲಿಗೆ ಸೇರಿದೆ ಎಂದು ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಒಂದು ದಿನ ಮಹಾದೇವಿಯನ್ನು ಕೂಡಿಸಿಕೊಂಡು ಹೇಳಿದೆ.

"ಮತ್ತ ನಡುಗ್ತು ಅಂದ್ರ ನೀ ಹೊರಗ ಓಡಬೇಕು. ನನ್ನ ಕಡಿ ತಿರುಗಿ ನೋಡಬಾರದು. ಆಣಿ ಮಾಡು."

"ಹುಚ್ಚರಂಗ ಮಾತಾಡಬ್ಯಾಡವ್ವ."

"ಆಣಿ ಮಾಡು ಅಂದೆ."

"ನಾ ಮಾಡಂಗಿಲ್ಲ," ಎಂದು ಎದ್ದು ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ಹಟದಲ್ಲಿ ನನ್ನ ಮಗಳೇ.

ಕೆಲವು ದಿನಗಳ ಮೇಲೆ ಖರೆಯೇ ನಡುಗಿತು. ಈ ಸಲ ಲಾರಿಯಲ್ಲ. ಹಾಡುಹಗಲು. ಮಂಚ ಅಲುಗಿತು, ಗೂಡಿನಲ್ಲಿದ್ದ ವಿಭೂತಿಯ ಬಟ್ಟಲು ಉರುಳಿತು. ಓಣಿಯಲ್ಲಿ ಗದ್ದಲವೆದ್ದಿತು. ಮಹಾದೇವಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಹೊರಗಿದ್ದಾಳಲ್ಲ, ಸದ್ಯ, ಎಂದುಕೊಂಡು ಕಣ್ಣು ಮುಚ್ಚಿದೆ.

ಅವಳು ಒಳಗೆ ಓಡಿ ಬಂದಳು.

ಬಂದವಳೇ ನನ್ನ ಮೈಮೇಲೆ ಬೋರಲಾಗಿ, ಎರಡೂ ಕೈಯಿಂದ ನನ್ನ ತಲೆ ಮುಚ್ಚಿ ಹಿಡಿದಳು. ಅವಳ ಕೈಗೆ ಸೋಪಿನ ವಾಸನೆಯಿತ್ತು. ಎದೆ ಡವಗುಡುವುದು ನನಗೆ ತಾಗುತ್ತಿತ್ತು. ನಡುಕ ನಿಂತ ಮೇಲೂ ಅವಳು ಬಿಡಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ, ಬೆನ್ನಿಗೆ ಗುದ್ದಿದೆ.

ಅವತ್ತು ನನ್ನ ಅಂಜಿಕೆ ಹೋಗಲಿಲ್ಲ, ಅದರ ದಿಕ್ಕು ಬದಲಾಯಿತು. ಗೋಡೆ ನನ್ನ ಮೇಲೆ ಬೀಳುವುದನ್ನೇ ಇಷ್ಟು ದಿನ ನೆನೆಯುತ್ತಿದ್ದೆ. ಈಗ ಕಣ್ಣು ಮುಚ್ಚಿದರೆ ಅದು ಮಹಾದೇವಿಯ ಬೆನ್ನಿನ ಮೇಲೆ ಬೀಳುತ್ತಿತ್ತು. ನಾನು ಈ ಮಂಚದ ಮೇಲಿರುವ ತನಕ ಅವಳು ಒಳಗೆ ಬರುವವಳೇ. ಆಣೆ, ಬೈಗುಳ ಯಾವುದಕ್ಕೂ ಬಗ್ಗುವವಳಲ್ಲ. ಉಳಿದದ್ದು ಒಂದೇ ದಾರಿ. ನಾನು ಏಳಬೇಕು.

ಮರುದಿನ ಫಿಸಿಯೋಥೆರಪಿಯವರಿಗೆ ನಾನೇ ಕಾಲು ಕೊಟ್ಟೆ. ನೋವಿಗೆ ಹಲ್ಲು ಕಚ್ಚಿ ಕಣ್ಣಲ್ಲಿ ನೀರು ಸುರಿಸಿದೆ, ಎಷ್ಟೋ ಸಲ ಸಾಕು ನಿಲ್ಲಿಸ್ರಿ ಎಂದೆ. ಕ್ಯಾಲ್ಸಿಯಂ ಗುಳಿಗೆ, ಎಲುಬಿನ ಇಂಜೆಕ್ಷನ್, ಮನಸ್ಸಿನ ಡಾಕ್ಟರ ಮಾತ್ರೆ, ಎಲ್ಲ ನುಂಗಿದೆ, ಚುಚ್ಚಿಸಿಕೊಂಡೆ. ಹಾಲು ಕುಡಿದೆ. ಅಂಗಳದ ಬಿಸಿಲಿಗೆ ಕೂತೆ. ವಾಕರ್ ಹಿಡಿದು ಮೊದಲು ಪಡಸಾಲೆಯ ತನಕ, ಆಮೇಲೆ ಅಂಗಳದ ತನಕ. ಚಿಲಕ ಹಾಕಿಕೊಳ್ಳಲು ಇನ್ನೂ ಆಗುವುದಿಲ್ಲ. ಕಮಲಾಪುರಕ್ಕೆ ಹೋಗಿಲ್ಲ. ಹೋಗುತ್ತೇನೆಂದು ಹೇಳುವ ಧೈರ್ಯವೂ ಇಲ್ಲ.

ಮೊನ್ನೆ ಸಣ್ಣಗೆ ಮತ್ತೆ ನಡುಗಿತು. ನಾನು ಪಡಸಾಲೆಯಲ್ಲಿದ್ದೆ, ಮಹಾದೇವಿ ಅಡುಗೆಮನೆಯಲ್ಲಿ. ಅವಳು ನನ್ನ ಕಡೆ ಬಂದಳು. "ಮುಂದ ನಡಿ. ನಾ ಬೆನ್ನಿಗೇ ಅದೀನಿ," ಅಂದೆ. ವಾಕರ್ ಎತ್ತಿಟ್ಟೆ. ಅವಳು ಒಂದು ಹೆಜ್ಜೆ ಮುಂದೆ, ನಾನು ಒಂದು ಹೆಜ್ಜೆ ಹಿಂದೆ. ಅವಳು ತಿರುಗಿ ತಿರುಗಿ ನೋಡುತ್ತಿದ್ದಳು, ನಾನು ಗದರುತ್ತಿದ್ದೆ. ಬೆವರು ಇಳಿಯಿತು. ಗೇಟು ಮುಟ್ಟುವಷ್ಟರಲ್ಲಿ ನಡುಕ ನಿಂತು ಎಷ್ಟೋ ಹೊತ್ತಾಗಿತ್ತು. ಓಡಿಬಂದಿದ್ದ ಓಣಿಯವರೆಲ್ಲ ಮಾತಾಡಿ ಮುಗಿಸಿ ತಿರುಗಿ ಒಳಗೆ ಹೋಗುತ್ತಿದ್ದರು. ನಮ್ಮನ್ನು ನೋಡಿ ಒಬ್ಬರು ನಕ್ಕರು.

ನಗಲಿ. ನನ್ನ ಮಗಳು ಹೊರಗಿದ್ದಳು.