ಬಳೆದಿಬ್ಬದೊಳಗಿನ ಎಳ್ಳಮಾಸಿ

ಭಾಲ್ಕಿಯ ಮನೆಯಲ್ಲಿ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಭಜ್ಜಿ ಪಲ್ಯಕ್ಕೆಂದು ಹಸಿ ತೊಗರಿಕಾಯಿ ಸುಲಿಯುತ್ತಿದ್ದೆ. ತವರೂರು ಮೆಹಕರದಿಂದ ತಮ್ಮ ಫೋನ್ ಮಾಡಿದ.

"ಅಕ್ಕಾ, ನಮ್ಮ ಹೊಲದಾಗಿನ ಬಳೆದಿಬ್ಬಕ್ಕ ಸರ್ಕಾರದವ್ರು ತಂತಿಬೇಲಿ ಹಾಕ್ಯಾರ. ಬೋರ್ಡೂ ಹಚ್ಚ್ಯಾರ. ಸಾವಿರಾರು ವರ್ಷದ ಹಿಂದ ಜನ ಕೂಡಿ ಪೂಜಿ ಮಾಡತಿದ್ದ ಜಾಗಾ ಅಂತ."

"ಛಲೋ ಆತು ಬಿಡೋ. ಶಿವ ದೊಡ್ಡಾಂವ," ಎಂದೆ.

ಚಿಕ್ಕವರಿದ್ದಾಗ ನಮಗೆ ಅದು ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಉಣ್ಣುವ ಜಾಗ, ಅಷ್ಟೇ. ಕರಿಹೊಲದ ನಡುವೆ ಆಳೆತ್ತರದ ಮಣ್ಣಿನ ಏರಿ ಬಳೆಯಂತೆ ದುಂಡಗೆ ಸುತ್ತಿಕೊಂಡಿತ್ತು, ಒಳಗೆ ಬಯಲು. ಯಾರು ಕಟ್ಟಿದ್ದೋ ಯಾರಿಗೂ ತಿಳಿಯದು. ಒಳಗೆ ಕುಳಿತರೆ ಚಳಿಗಾಲದ ಗಾಳಿ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುಳಿ ಅಂಬಲಿಯ ವಾಸನೆ ಅಲ್ಲೇ ಸುಳಿದಾಡುತ್ತಿತ್ತು. ಉಂಡು ಏರಿಗೆ ಒರಗಿದರೆ ಬೆನ್ನಿಗೆ ಬೆಚ್ಚನೆಯ ಮಣ್ಣು, ಮೇಲೆ ದುಂಡನೆಯ ಆಕಾಶ. ಭೂಮಿ ಮೆಲ್ಲಗೆ ತಿರುಗುತ್ತಿದೆ ಅನಿಸಿ ನಾನೂ ತಮ್ಮನೂ ಹುಲ್ಲು ಹಿಡಿದುಕೊಳ್ಳುತ್ತಿದ್ದೆವು.

ಒಂದು ವರ್ಷ ಅಪ್ಪ ಅದನ್ನು ಸಪಾಟು ಮಾಡಿ ಬಿತ್ತಬೇಕೆಂದು ಹಟ ಹಿಡಿದ. ಹಬ್ಬದ ಮರುದಿನಕ್ಕೆ ಮಸ್ತಾನ ಚಾಚಾನ ಟ್ರ್ಯಾಕ್ಟರ್ ಹೇಳಿ ಬಂದ. ಆಯಿ, ಅಂದರೆ ಅಪ್ಪನ ಅವ್ವ, ಜಗಳಾಡಲಿಲ್ಲ. ಪ್ರತಿ ಎಳ್ಳಮಾಸಿಗೆ ಬನ್ನಿಗಿಡದ ಕೆಳಗೆ ಸುಣ್ಣ ಹಚ್ಚಿ ಪೂಜಿಸುತ್ತಿದ್ದ ಪಾಂಡವರ ಐದು ಕಲ್ಲುಗಳನ್ನು ಆ ಸಲ ಬಳೆದಿಬ್ಬದ ನಟ್ಟನಡುವೆ ಕೂರಿಸಿ ಆರತಿ ಎತ್ತಿಬಿಟ್ಟಳು.

ಮರುದಿನ ಅಪ್ಪ ಕಲ್ಲುಗಳನ್ನು ನೋಡಿ ನಿಂತ.

"ಅವ್ವಾ, ಇವನ್ನ ತೆಗಿ."

"ನೀನೇ ತೆಗಿಯಪಾ. ಕುಂತ ದೇವರನ್ನ ಎಬ್ಬಸೂದು ನನಗ ಬರಂಗಿಲ್ಲ."

ಅಪ್ಪ ಚಾಚಾನ ಕಡೆ ತಿರುಗಿದ.

"ನನಗ್ಯಾಕ ನೋಡ್ತೀರಿ ಪಾಟೀಲ್ರ? ದೇವರು ನಿಮ್ಮವು, ಅವ್ವ ನಿಮ್ಮಾಕಿ," ಎಂದ ಚಾಚಾ ಟ್ರ್ಯಾಕ್ಟರ್ ಬಂದ್ ಮಾಡಿದ. "ನಾ ಮುಂಜಾನಿಂದ ಚಾ ಸೈತ ಕುಡದಿಲ್ಲ."

"ಬಾರೋ ಮಸ್ತಾನ, ನಿನ್ನಿ ಕಡಬು ಉಳದಾವ," ಎಂದಳು ಆಯಿ.

ಚಾಚಾ ದಿಬ್ಬದೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತ. ಸ್ವಲ್ಪ ಹೊತ್ತು ಏರಿಯ ಮೇಲೆ ಸಿಟ್ಟಿನಿಂದ ನಿಂತಿದ್ದ ಅಪ್ಪನೂ ಇಳಿದು ಬಂದು ಕೈ ಒಡ್ಡಿದ. ದಿಬ್ಬ ಉಳಿಯಿತು.

"ಈ ಸಲ ಎಲ್ಲಿ ಉಣ್ಣೂದೋ?" ಎಂದು ಫೋನಿನಲ್ಲಿ ತಮ್ಮನನ್ನು ಕೇಳಿದೆ.

"ಬೇಲಿ ಹೊರಗ, ಅಕ್ಕಾ. ಒಳಗ ಯಾರನ್ನೂ ಬಿಡಂಗಿಲ್ಲಂತ."

ಇನ್ನು ಯಾವ ಟ್ರ್ಯಾಕ್ಟರೂ ಅದನ್ನು ಮುಟ್ಟುವುದಿಲ್ಲ, ಅದು ಶಿವನ ದಯೆಯೇ. ನನ್ನ ಮೊಮ್ಮಗಳು ಬೇಲಿಯಾಚೆ ನಿಂತು ಬೋರ್ಡು ಓದಿಕೊಂಡಾಳು. ಒಳಗೆ ಗಾಳಿ ತಾಗುವುದಿಲ್ಲ ಎಂಬುದು ಮಾತ್ರ ಅವಳಿಗೆ ತಿಳಿಯುವುದಿಲ್ಲ.

ನಳಕ್ಕೆ ನೀರು ಬಂತು. ಕೊಡ ಹಚ್ಚಲು ಎದ್ದೆ.